ಇಳಕಲ್ಲಿನ ಓಣಿ, ಗುಳೇದಗುಡ್ಡದ ಬಸ್ಸು

ರಾತ್ರಿ ಎರಡೂವರೆಗೆ ಎದ್ದ ಮಗಳು ಓಣಿಯಲ್ಲಿ ಮಗ್ಗದ ಸದ್ದು ಶುರುವಾಗುವವರೆಗೂ ಮಲಗುತ್ತಿರಲಿಲ್ಲ. ಅವಳನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ಹದಿನಾಲ್ಕು ಹೆಜ್ಜೆ ಎಣಿಸುತ್ತಾ ಓಡಾಡುತ್ತಿದ್ದೆ. ಮಂಗಳೂರಿನಲ್ಲಿ ಬಾಣಂತನ ಮುಗಿಸಿ ಇಳಕಲ್ಲಿಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ನಮ್ಮವರಿಗೆ ಬ್ಯಾಂಕಿನ ವರ್ಗಾವಣೆ. ಅಮ್ಮನಿಗೆ ಮಂಡಿನೋವು, ಜೊತೆಗೆ ಬರಲಾಗಲಿಲ್ಲ.

ನಮ್ಮ ಮನೆಮಾತು ತುಳು. ಬೈಬಲ್ ಓದೋದು, ಹಾಡೋದು ಕನ್ನಡದಲ್ಲಿ. ಹಾಗಾಗಿ ಭಾಷೆಯ ತೊಂದರೆ ಇಲ್ಲ ಅಂದುಕೊಂಡೇ ಬಂದವಳು. ಮೊದಲ ದಿನ ಪಕ್ಕದ ಮನೆಯ ಅವ್ವ "ಕೂಸಿಗೆ ಎರದಿಯೇನವಾ?" ಅಂದರೆ, ಹಾಲು ಕುಡಿಸಿದೆಯಾ ಅಂತ ಕೇಳುತ್ತಿದ್ದಾರೆಂದು ತಿಳಿದು ಹೂಂ ಅಂದುಬಿಟ್ಟೆ. ಅವರು ಕೇಳಿದ್ದು ಸ್ನಾನದ ಬಗ್ಗೆ.

ಆಮೇಲೆ ಊಟ ಸೇರದಾಯಿತು. ಮಗುವನ್ನು ನೋಡಿದರೆ ಪ್ರೀತಿಯ ಬದಲು ಭಯ. ಒಂದು ಮಧ್ಯಾಹ್ನ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಹೊರಗೆ ಅವಳು ಅಳುತ್ತಿದ್ದಳು, ನನಗೆ ಏಳಲಾಗಲಿಲ್ಲ. ಸಂಬಂಧಿಕರೊಬ್ಬರಿಗೆ ಫೋನಿನಲ್ಲಿ ಹೇಳಿಕೊಂಡರೆ "ಪ್ರಾರ್ಥನೆ ಕಡಿಮೆಯಾಗಿರಬೇಕು" ಅಂದರು. ನಿದ್ದೆಗೇಡಿಗಿಂತ ಆ ಮಾತೇ ಹೆಚ್ಚು ನೋಯಿಸಿತು. ಆ ಹದಿನಾಲ್ಕು ಹೆಜ್ಜೆಯಲ್ಲಿ ನಾನು ಮಾಡುತ್ತಿದ್ದುದು ಇನ್ನೇನನ್ನು?

ಗುಳೇದಗುಡ್ಡಕ್ಕೆ ಹೋಗಿಬನ್ನಿ ಅಂದವರು ಮಾವ. ಖಣ ನೇಯುವ ಊರು ಅಂತಷ್ಟೇ ನನಗೆ ಗೊತ್ತಿತ್ತು. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ 1851ರಲ್ಲೇ ಅಲ್ಲಿಯೂ ನೆಲೆ ನಿಂತಿತ್ತಂತೆ. ಒಂದು ಭಾನುವಾರ ಹುನಗುಂದ, ಅಮೀನಗಡ ದಾಟಿ ಹೋದೆವು. ಆರಾಧನೆ ಶುರುವಾಗಿ ಐದು ನಿಮಿಷಕ್ಕೇ ಮಗಳು ಚೀರಿದಳು. ನಾಚಿಕೆಯಿಂದ ಹೊರಗೆ ಬಂದರೆ ಹಿಂದೆಯೇ ಒಬ್ಬ ಅಜ್ಜಿ ಬಂದರು. "ನೀ ಒಳಗ ಹೋಗಿ ಕುಂದರು, ಇದು ನನ್ನ ಹತ್ರ ಇರಲಿ."

ನಾನು ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಗೋಡೆಗೊರಗಿ ನಿದ್ದೆ ಮಾಡಿಬಿಟ್ಟೆ!

ಎದ್ದಾಗ ಆರಾಧನೆ ಮುಗಿದು ಹೆಂಗಸರು ಸುತ್ತ ಬುತ್ತಿ ಬಿಚ್ಚಿದ್ದರು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಅವರಲ್ಲಿ ನರ್ಸ್ ಆಗಿದ್ದ ಅಕ್ಕ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ನೇರವಾಗಿಯೇ ಕೇಳಿದರು. ನಿದ್ದೆ ಹೆಂಗೈತಿ? ಊಟ? ನಿನಗ ಇಲ್ಲಾ ಕೂಸಿಗೆ ಏನಾರ ಮಾಡಿಬಿಡ್ತೀನಿ ಅನಸ್ತದೇನು? ಕೊನೆಯದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನು ಅತ್ತೆ. "ಇದು ಪಾಪ ಅಲ್ಲವಾ, ಬ್ಯಾನಿ. ಪ್ರಾರ್ಥನಾನೂ ಮಾಡೂಣು, ಡಾಕ್ಟರಿಗೂ ತೋರಸೂಣು" ಅಂದರು. 14416 ಅಂತ ನಂಬರನ್ನು ನನ್ನ ಮೊಬೈಲಿನಲ್ಲಿ ಅವರೇ ಹಾಕಿಕೊಟ್ಟರು. ಅದು ಟೆಲಿ ಮನಸ್, ಸರ್ಕಾರದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವತ್ತು ರಾತ್ರಿಯೇ ಮಾತಾಡಿದೆ. ಮರುವಾರ ಬಾಗಲಕೋಟೆಯಲ್ಲಿ ಡಾಕ್ಟರನ್ನು ಕಂಡೆವು. ಎದೆಹಾಲು ಕುಡಿಸುವವರಿಗೆ ಹೊಂದುವ ಮಾತ್ರೆ ನೋಡಿ ಬರೆದುಕೊಟ್ಟರು.

ಆದರೆ ವಾರಕ್ಕಿರುವುದು ಒಂದೇ ಭಾನುವಾರ. ಹಸುಗೂಸು ಕಟ್ಟಿಕೊಂಡು ಅಷ್ಟು ದೂರ ಬಸ್ಸಿನಲ್ಲಿ ಹೋಗೋದು ಪ್ರತಿಸಲ ಆಗುತ್ತಲೂ ಇರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಏನು? ನಮ್ಮವರು ಸಂಕೋಚ ಬಿಟ್ಟು ಪಕ್ಕದ ಅವ್ವನಿಗೆ ಹೇಳಿದರು. ನಾನಾಗಿದ್ದರೆ ಹೇಳುತ್ತಿರಲಿಲ್ಲ, ಅವರದು ಬೇರೆ ಮನೆತನ, ಬೇರೆ ದೇವರು ಅಂತ. ಮರುದಿನ ಹತ್ತಕ್ಕೆ ಹಣೆಗೆ ವಿಭೂತಿ ಹಚ್ಚಿಕೊಂಡ ಅವ್ವ ಬಾಗಿಲಲ್ಲಿ ಹಾಜರು. "ಕೂಸು ಕೊಡು, ಮಲಕೋ." ಅಂದಿನಿಂದ ಎರೆಯುವುದು ಅವರ ಕೆಲಸವಾಯಿತು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುವಾಗ ಒಮ್ಮೆ ಮೆಲ್ಲಗೆ ಕೇಳಿದರು, "ನಿಮ್ಮೊಳಗ ಕಾಡಿಗಿ ಹಚ್ಚತೀರೇನವಾ?"

ಗುಳೇದಗುಡ್ಡದ ಹೆಂಗಸರು ಖಣದ ತುಂಡುಗಳನ್ನು ಕಳಿಸಿದರು. ಅವ್ವ ತಮ್ಮ ಹಳೆಯ ಇಳಕಲ್ ಸೀರೆ ತೆಗೆದರು. ಓಣಿಯ ನಾಲ್ಕು ಮಂದಿ ಸೇರಿ ಹೊಲಿದ ಕೌದಿಯ ಮೇಲೆ ಈಗ ಮಗಳು ಮಗುಚಿಕೊಳ್ಳುತ್ತಾಳೆ. ನನ್ನ ಮಾತ್ರೆ ಇನ್ನೂ ನಡೆದಿದೆ. ಎಲ್ಲ ರಾತ್ರಿಗಳೂ ಸುಲಭವಿಲ್ಲ.

ನಿನ್ನೆ ನರ್ಸ್ ಅಕ್ಕನ ಫೋನ್. ಹುನಗುಂದದಾಗ ಒಬ್ಬಾಕಿ ಅದಾಳ, ಹೊಸದಾಗಿ ಬಂದಾಳ, ಕೂಸಿಗೆ ನಾಕು ತಿಂಗಳು, ಯಾರ ಕೂಡನೂ ಮಾತಾಡವಲ್ಲಳು, ಹೋಗಿ ಬರ್ತೀಯೇನು ಅಂದರು. ಅವ್ವನಿಗೆ ಹೇಳಿದೆ. ಡಬ್ಬಿಗೆ ಅಂಟಿನ ಉಂಡಿ ತುಂಬುತ್ತಾ ಕೇಳಿದರು, "ಆಕಿಗೆ ಎರಿಯಾಕ ಬರತೈತೇನು? ಇಲ್ಲಂದ್ರ ನಾನೂ ಬರತೇನಿ."

ನಾಳೆ ಇಬ್ಬರೂ ಹೋಗುತ್ತಿದ್ದೇವೆ.