ಒಂದು ಮಗ್ಗುಲು ಸವೆದ ಟಯರು

ಮನುಷ್ಯನನ್ನು ಅರಿಯಬೇಕಾದರೆ ಅವನ ಮಾತು ಕೇಳುವುದಕ್ಕಿಂತ ಅವನ ಚಪ್ಪಲಿಯನ್ನು ಮಗುಚಿ ನೋಡುವುದು ಮೇಲು ಎಂಬುದು ನಮ್ಮ ತಂದೆಯವರ ಬಹುಕಾಲದ ಸಿದ್ಧಾಂತ. ಅವರು ಪ್ರಾಥಮಿಕ ಶಾಲೆಯ ಅಧ್ಯಾಪಕರಾಗಿದ್ದವರು. ತರಗತಿಯ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳನ್ನು ನೋಡಿ, ಯಾವುದು ಯಾವ ಹುಡುಗನದೆಂದು ಹೇಳಬಲ್ಲವರಾಗಿದ್ದರು. ಹಿಮ್ಮಡಿಯ ಹೊರಮಗ್ಗುಲು ಸವೆದಿದ್ದರೆ ಆಸಾಮಿ ಅವಸರದವನು. ಹೆಬ್ಬೆರಳಿನ ಬುಡದಲ್ಲಿ ಕುಳಿ ಬಿದ್ದಿದ್ದರೆ ನಿಂತಲ್ಲೇ ಯೋಚಿಸುವವನು. ನಾಲ್ಕು ಕಡೆಯೂ ಸಮನಾಗಿ ಸವೆದ ಚಪ್ಪಲಿಯನ್ನು ತಾವು ಇದುವರೆಗೆ ಕಂಡಿಲ್ಲವೆಂದೂ, ಕಂಡರೆ ಅದರ ಒಡೆಯನನ್ನು ಸ್ವಲ್ಪ ಸಂಶಯದಿಂದಲೇ ನೋಡುತ್ತೇನೆಂದೂ ಅವರು ಹೇಳುವುದುಂಟು.

ಈ ಸಿದ್ಧಾಂತವನ್ನು ಅವರು ನನ್ನ ಮೋಟಾರು ಸೈಕಲ್ಲಿನ ಟಯರಿಗೂ ಅನ್ವಯಿಸಿಯಾರೆಂದು ನಾನು ನಿರೀಕ್ಷಿಸಿರಲಿಲ್ಲ.

ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನಿಗೆ 350 ಸಿ.ಸಿ.ಯ ಮೋಟಾರು ಸೈಕಲ್ಲು ಏತಕ್ಕೆ ಎಂದು ವಾಚಕರು ಕೇಳಬಹುದು. ನನ್ನ ಶ್ರೀಮತಿಯೂ ಕೇಳಿದ್ದಾಳೆ. ಮನೆ ಬಂಟ್ವಾಳದಲ್ಲಿ, ಕೆಲಸ ಮೂಡುಬಿದಿರೆಯಲ್ಲಿ, ಮಾವನ ಮನೆ ಬೆಳ್ತಂಗಡಿಯಲ್ಲಿ. ಭೂಪಟದಲ್ಲಿ ಈ ಮೂರನ್ನೂ ಗೆರೆಯೆಳೆದು ಕೂಡಿಸಿದರೆ ಒಂದು ತ್ರಿಕೋನವಾಗುತ್ತದೆ. ನನ್ನ ಬಾಳಿನ ಬಹುಭಾಗ ಆ ಗೆರೆಗಳ ಮೇಲೆಯೇ ಕಳೆಯುತ್ತದೆ. ಬಂಟ್ವಾಳದಿಂದ ರಾಯಿ, ಸಿದ್ದಕಟ್ಟೆಗಳ ಮಾರ್ಗವಾಗಿ ಮೂಡುಬಿದಿರೆ; ಅಲ್ಲಿಂದ ಶಿರ್ತಾಡಿ, ವೇಣೂರು, ಗುರುವಾಯನಕೆರೆಗಳನ್ನು ಹಾದು ಬೆಳ್ತಂಗಡಿ; ಮತ್ತೆ ಮಡಂತ್ಯಾರು, ಪುಂಜಾಲಕಟ್ಟೆ, ವಗ್ಗಗಳ ಮೂಲಕ ಮನೆ. ಈ ದಾರಿಗಳಲ್ಲಿ ನೇರವೆಂಬುದು ವಿರಳ. ವೇಣೂರಿನಲ್ಲಿ 1604ರಿಂದ ಫಲ್ಗುಣಿಯ ದಡದಲ್ಲಿ ಅಲುಗಾಡದೆ ನಿಂತಿರುವ ಗೊಮ್ಮಟನೊಬ್ಬನನ್ನು ಬಿಟ್ಟರೆ ಆ ಹಾದಿಯಲ್ಲಿ ನೆಟ್ಟಗಿರುವುದು ಅಡಿಕೆ ಮರ ಮಾತ್ರ.

ಇದು ನಿತ್ಯದ ಸವಾರಿ. ರಜೆ ಬಂತೆಂದರೆ ಇಬ್ಬರು ಮಿತ್ರರೊಡನೆ ದೂರದ ಸಂಚಾರ. ಬನವಾಸಿ, ಹಲ್ಮಿಡಿ, ಹಂಪೆ - ಪಾಠದಲ್ಲಿ ಹೇಳುವ ಊರುಗಳನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ಎಂದು ಮನೆಯಲ್ಲಿ ಹೇಳಿದ್ದೇನೆ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹ್ಯಾಂಡಲನ್ನು ಅತ್ತಿತ್ತ ತಿರುಗಿಸದೆ ಓಡಿಸುವ ಸುಖಕ್ಕೂ ಹಳಗನ್ನಡಕ್ಕೂ ಇರುವ ಸಂಬಂಧವನ್ನು ಮಾತ್ರ ಯಾರೂ ಕೇಳಿಲ್ಲ.

ಈ ಚಟ ನನಗೆ ತಂದೆಯವರಿಂದಲೇ ಬಂದದ್ದು. ಮೈಸೂರಿನಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಹೆಸರನ್ನು ಹಿರಿಯ ವಾಚಕರು ಮರೆತಿರಲಾರರು. ಅಲ್ಲಿಂದ 1973ರ ಬಳಿಕ ಯೆಜ್ಡಿ ಎಂಬ ಹೆಸರಿನಲ್ಲಿ ಬಂದ ಬಂಡಿಯೊಂದನ್ನು ತಂದೆಯವರು ಯಾರಿಂದಲೋ ಹಳೆಯದನ್ನು ಕೊಂಡು, ಆಗ ತಾವು ಅಧ್ಯಾಪಕರಾಗಿದ್ದ ಕೊಟ್ಟಿಗೆಹಾರದ ಕಡೆಗೆ ಪ್ರತಿ ಸೋಮವಾರ ನಸುಕಿನಲ್ಲಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದರು. ಈಗ ಅವರಿಗೆ ಎಪ್ಪತ್ತನಾಲ್ಕು. ಹೋದ ವರ್ಷ ಡಿಸೆಂಬರಿನಲ್ಲಿ ಒಂದು ದಿನ ಊಟ ಮಾಡುತ್ತಿರುವಾಗ, ಮಜ್ಜಿಗೆಯ ಹೊತ್ತಿಗೆ, ಯಾರನ್ನೂ ನೋಡದೆ ಹೇಳಿದರು: "ಆ ಶಾಲೆಯನ್ನು ಒಮ್ಮೆ ನೋಡಬೇಕಿತ್ತು. ನಿನ್ನ ಬಂಡಿಯಲ್ಲೇ ಹೋಗುವಾ. ಕಾರು ಬೇಡ, ಘಾಟಿಯ ಗಾಳಿ ಮುಖಕ್ಕೆ ತಾಗಬೇಕು."

ಮುಂದಿನ ಆದಿತ್ಯವಾರ ಹೊರಟೆವು. ಉಜಿರೆ, ಮುಂಡಾಜೆಗಳ ರಬ್ಬರು ತೋಟಗಳಲ್ಲಿ ಹಾಲು ತೆಗೆಯುವವರು ಮರದಿಂದ ಮರಕ್ಕೆ ಹೋಗುತ್ತಿದ್ದರು. ಅಮೆಜಾನಿನ ಕಾಡಿನ ಈ ಮರದ ಬೀಜಗಳನ್ನು ಹೆನ್ರಿ ವಿಕ್‌ಹ್ಯಾಂ ಎಂಬ ಆಂಗ್ಲನು 1876ರಲ್ಲಿ ಲಂಡನ್ನಿಗೆ ಸಾಗಿಸದೆ ಇದ್ದಿದ್ದರೆ ಬೆಳ್ತಂಗಡಿಯ ಗುಡ್ಡಗಳು ಬೇರೆಯೇ ಆಗಿರುತ್ತಿದ್ದವು ಎಂದು ನಾನು ಬೆನ್ನ ಹಿಂದಿನ ತಂದೆಯವರಿಗೆ ಗಟ್ಟಿಯಾಗಿ ಉಪನ್ಯಾಸ ಮಾಡಿದೆ. ಅವರು "ರಸ್ತೆ ನೋಡು" ಎಂದರು.

ಘಾಟಿ ಶುರುವಾಯಿತು. 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಈ ಮಾರ್ಗ ಮುಚ್ಚಿದ್ದ ಸಂಗತಿ ವಾಚಕರಿಗೆ ನೆನಪಿದ್ದೀತು. ಮಳೆಗಾಲ ಕಳೆದರೂ ಬಂಡೆಗಳಿಂದ ಒಸರುವ ನೀರು ಅಲ್ಲಲ್ಲಿ ರಸ್ತೆಯನ್ನು ತೋಯಿಸಿರುತ್ತದೆ. ಅಂಥದೊಂದು ಎಡ ತಿರುವು. ಬಂಡಿಯನ್ನು ಎಡಕ್ಕೆ ವಾಲಿಸಿದೆ; ಅದು ಹಠಮಾರಿ ಎತ್ತಿನಂತೆ ವಾಲಲೊಲ್ಲೆನೆಂದಿತು. ಇನ್ನೂ ಸ್ವಲ್ಪ ಒತ್ತಿದೆ. ಒಮ್ಮೆಲೇ ಮೆಟ್ಟಿಲು ತಪ್ಪಿದಂತೆ ಕೆಳಗೆ ಬಾಗಿತು. ಹಿಂದಿನ ಚಕ್ರ ಅರ್ಧ ಅಡಿಯಷ್ಟು ಹೊರಕ್ಕೆ ಜಾರಿತು. ಎರಡು ಕೈಗಳು ನನ್ನ ಹೆಗಲನ್ನು ಅಮುಕಿ ಹಿಡಿದವು. ನಾನು ಏನು ಮಾಡಿದೆನೋ ಈಗಲೂ ಅರಿಯೆ. ಚಕ್ರ ಒಣ ನೆಲವನ್ನು ಹಿಡಿಯಿತು, ಬಂಡಿ ನೆಟ್ಟಗಾಯಿತು. ತಡೆಗೋಡೆಯ ಬಳಿ ನಿಲ್ಲಿಸಿದಾಗ ನನ್ನ ಮೊಣಕಾಲು ಗಡಗಡ ನಡುಗುತ್ತಿತ್ತು. ಗೋಡೆಯ ಆಚೆ ನೋಡಲಿಲ್ಲ. ಮೋಟಾರು ಸೈಕಲ್ಲಿನ ಒಂದೊಂದು ಚಕ್ರವೂ ನೆಲವನ್ನು ಮುಟ್ಟುವುದು ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ ಎಂದು ಎಲ್ಲಿಯೋ ಓದಿದ್ದೆ. ಎರಡು ಅಂಗೈಗಳ ಮೇಲೆ ತಂದೆಯನ್ನು ಕೂರಿಸಿಕೊಂಡು ಘಾಟಿ ಹತ್ತುತ್ತಿದ್ದೆನೆಂಬುದು ಆಗ ಹೊಳೆಯಿತು.

ತಂದೆಯವರು ಇಳಿದು, ಪಂಚೆ ಎತ್ತಿ ಕಟ್ಟಿ, ಹಿಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತರು. ಹೆಬ್ಬೆರಳಿನಿಂದ ಟಯರನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸವರಿದರು.

"ನಡು ಪೂರ್ತಿ ಚಪ್ಪಟೆಯಾಗಿದೆ. ನಿನಗೆ ಕಾಣಲಿಲ್ಲವೋ?"

ಕಂಡಿತ್ತು. ಅದನ್ನೇ ಈ ಲೇಖನದಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಮೂರು ತಿಂಗಳಿಂದ ಕಾಣುತ್ತಿತ್ತು. ಪ್ರತಿ ಸಲವೂ ನಾನು ನಡುವನ್ನು ಬಿಟ್ಟು ಅಂಚನ್ನೇ ನೋಡಿ, "ಗೀರು ಇನ್ನೂ ಆಳವಾಗಿಯೇ ಇದೆ, ಈ ಬೇಸಗೆ ಕಳೆಯಲಿ" ಎಂದುಕೊಂಡಿದ್ದೆ. ಮಗ್ಗುಲಿನ ದಪ್ಪವನ್ನು ನಡುವಿನ ಲೆಕ್ಕಕ್ಕೆ ಜಮೆ ಮಾಡುವ ಈ ಗಣಿತ ಲೆಕ್ಕದ ಮೇಷ್ಟರ ಮಗನಿಗೆ ತಕ್ಕುದಾಗಿರಲಿಲ್ಲ.

ತಂದೆಯವರು ಮೇಲಕ್ಕೊಮ್ಮೆ ನೋಡಿ, "ಹಿಂದೆ ಹೋಗುವಾ" ಎಂದರು. ನಿಧಾನವಾಗಿ, ಆಮೆಯ ಗತಿಯಲ್ಲಿ, ಬೆಳ್ತಂಗಡಿಗೆ ಇಳಿದು ಬಂದೆವು.

ಬೆಳ್ತಂಗಡಿಯಲ್ಲಿ ಒಂದು ಸಣ್ಣ ಗ್ಯಾರೇಜು. ಅದರ ಒಡೆಯರು ಐವತ್ತು ದಾಟಿದವರು, ಮಿತಭಾಷಿಗಳು. ಅವರು ಟಯರನ್ನು ಓದಿದ ಬಗೆಯನ್ನು ಕಂಡು ನನ್ನ ವಿದ್ಯೆಯ ಮೇಲೆ ನನಗಿದ್ದ ಅಭಿಮಾನ ಸ್ವಲ್ಪ ಇಳಿಯಿತು. ಮೂಡುಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳ ವಿಷಯವನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಓಲೆಯ ಸವೆದ ಅಂಚು ಕೂಡ ಏನನ್ನೋ ಹೇಳುತ್ತದೆಂದು ಗ್ರಂಥಸಂಪಾದನೆಯ ಪಾಠ ಮಾಡುತ್ತೇನೆ. ಇವರೋ, ಕನ್ನಡಕವಿಲ್ಲದೆ, ಎಣ್ಣೆಗೈಯಿಂದ ಒಂದು ಸಲ ಸವರಿ ನನ್ನ ಜಾತಕ ಹೇಳಿಬಿಟ್ಟರು. ಮಾತು ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡಿಸಿದ್ದೇನೆ.

"ಸರ್, ನೀವು ಗಟ್ಟದ ಮೇಲಿನ ಹೆದ್ದಾರಿಯಲ್ಲಿ ತುಂಬ ಓಡಿಸುತ್ತೀರಿ."

"ಹೇಗೆ ತಿಳಿಯಿತು?"

"ನಡು ಹೇಳುತ್ತದಲ್ಲ."

ಹೊಸ ಟಯರಿನ ಬೆನ್ನು ಕವುಚಿಟ್ಟ ಗೆರಟೆಯಂತೆ ದುಂಡಗಿರುತ್ತದೆ. ಬಂಡಿ ಎಷ್ಟು ವಾಲಿದರೂ ಅದರ ದುಂಡು ನೆಲಕ್ಕೆ ಹದವಾಗಿ ಹೊಂದಿಕೊಳ್ಳುತ್ತದೆ. ನೇರ ದಾರಿಯಲ್ಲೇ ಸಾವಿರಾರು ಕಿಲೋಮೀಟರು ಓಡಿದರೆ ನೆಲಕ್ಕೆ ತಾಗುವುದು ನಡುವಿನ ಪಟ್ಟಿ ಮಾತ್ರ. ಇಂಜಿನಿನ ಎಳೆತವೆಲ್ಲ ಹಿಂದಿನ ಚಕ್ರದ ಆ ಪಟ್ಟಿಯ ಮೇಲೆಯೇ ಬಿದ್ದು, ಗೆರಟೆ ಹೋಗಿ ಕೂರುವ ಮಣೆಯಾಗುತ್ತದೆ. ಮಣೆಗೆ ಅಂಚು ಉಂಟಲ್ಲ? ತಿರುವಿನಲ್ಲಿ ಬಂಡಿ ಮೊದಲು ಆ ಅಂಚನ್ನು ಹತ್ತಲಾರದೆ ತಡೆಯುತ್ತದೆ, ಹತ್ತಿದೊಡನೆ ಆಚೆಗೆ ಧೊಪ್ಪನೆ ಬೀಳುತ್ತದೆ. ಘಾಟಿಯಲ್ಲಿ ನಡೆದದ್ದು ಇದೇ. ಹಂಪೆಯ ದಾರಿಯಲ್ಲಿ ನಾನು ಅನುಭವಿಸಿದ ಸುಖದ ಸಾಲವನ್ನು ಚಾರ್ಮಾಡಿ ವಸೂಲು ಮಾಡಿತು.

ಆಮೇಲೆ ಅವರು ಮುಂದಿನ ಚಕ್ರಕ್ಕೆ ಬಂದರು. ನನ್ನ ಕೈ ಹಿಡಿದು ಟಯರಿನ ಮೇಲೆ ಇರಿಸಿದರು. ಒಂದು ದಿಕ್ಕಿನಲ್ಲಿ ಸವರಿದರೆ ನುಣುಪು. ಎದುರು ದಿಕ್ಕಿನಲ್ಲಿ ಗರಗಸದ ಹಲ್ಲು. ಬ್ರೇಕು ಹಾಕಿದಾಗಲೆಲ್ಲ ಟಯರಿನ ಒಂದೊಂದು ತುಂಡೂ ಬಾಗಿ ಉಜ್ಜಿಕೊಂಡು ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಮೆ ಸವೆಯುತ್ತದಂತೆ. ಗಾಳಿ ಕಡಮೆಯಿದ್ದರೆ ಈ ಹಲ್ಲು ಬೇಗ ಏಳುತ್ತದೆ. ಮುಂದಿನ ಫೋರ್ಕಿನ ಎಣ್ಣೆ ಹಳತಾಗಿ ಚಕ್ರ ಪುಟಿಯತೊಡಗಿದರೂ ಅಷ್ಟೆ. ಕೆಲವು ವಾರಗಳಿಂದ ತಿರುವುಗಳಲ್ಲಿ ಕೇಳಿಸುತ್ತಿದ್ದ ಗುಂಯ್ ಎಂಬ ನಾದವನ್ನು ನಾನು ರಸ್ತೆಯ ಗುಣವೆಂದು ಭಾವಿಸಿದ್ದೆ. ಅವರು ಗಾಳಿ ಅಳೆದರು. ಹಿಂದಿನದರಲ್ಲಿ 32 ಪೌಂಡು ಇರಬೇಕಾದಲ್ಲಿ 22 ಇತ್ತು. ಕೊನೆಗೆ ಗಾಳಿ ನೋಡಿಸಿದ್ದು ಯಾವಾಗ ಎಂದು ಕೇಳಿದರು. ನಾನು ಟಯರಿನ ಮಗ್ಗುಲಿನ ಅಕ್ಷರಗಳನ್ನು ಓದುವವನಂತೆ ನಟಿಸಿದೆ. ಓದಿದ್ದರಿಂದ ಇನ್ನೊಂದು ಪಾಠವಾಯಿತು: ಅಲ್ಲಿ 1419 ಎಂಬ ನಾಲ್ಕು ಅಂಕಿಗಳಿದ್ದವು; ಎಂದರೆ 2019ನೆಯ ಇಸವಿಯ 14ನೆಯ ವಾರದಲ್ಲಿ ಹುಟ್ಟಿದ್ದು. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ, ಬಿರುಸಾಗುತ್ತದೆ.

ಕಾನೂನಿನ ಮಾತೂ ಬಂತು. ದ್ವಿಚಕ್ರದ ಟಯರಿನ ಗೀರು 0.8 ಮಿಲಿಮೀಟರಿಗಿಂತ ಕಡಮೆಯಾಗಕೂಡದು. ಗೀರಿನ ತಳದಲ್ಲಿ ಸಣ್ಣ ಉಬ್ಬೊಂದನ್ನು ಮಾಡಿಯೇ ಇಟ್ಟಿರುತ್ತಾರೆ. ಮೇಲ್ಮೈ ಸವೆದು ಆ ಉಬ್ಬಿಗೆ ಸಮನಾದರೆ ಟಯರಿನ ಆಯುಸ್ಸು ಮುಗಿಯಿತೆಂದು ಅರ್ಥ. ನಡುವಿನಲ್ಲಿ ಸಮನಾಗಿತ್ತು. ಬದಿಗಳಲ್ಲಿ ಉಬ್ಬು ಹಳ್ಳದ ತಳದಲ್ಲಿ ಹಾಯಾಗಿ ಮಲಗಿತ್ತು.

ಅಷ್ಟರಲ್ಲಿ ತಂದೆಯವರು ಒಂದು ಸೂಕ್ಷ್ಮವನ್ನು ಎತ್ತಿದರು. ಎರಡು ಬದಿಗಳೂ ಒಂದೇ ಸಮನಾಗಿಲ್ಲ; ಎಡಕ್ಕಿಂತ ಬಲಮಗ್ಗುಲು ಹೆಚ್ಚು ಸವೆದಿದೆ. ಏತಕ್ಕೆ?

ನಾನು ಒಡನೆಯೇ ಉತ್ತರ ಪತ್ರಿಕೆಗಳ ಚೀಲವನ್ನು ಬಂಡಿಯ ಎಡಗಡೆಗೆ ನೇತುಹಾಕುವ ನನ್ನ ಅಭ್ಯಾಸವನ್ನು ದೂರಿದೆ. ಎಡಗಡೆ ಭಾರವಾದರೆ ಎಡವಲ್ಲವೆ ಸವೆಯಬೇಕಾದದ್ದು ಎಂದು ತಂದೆಯವರು. ಮೆಕ್ಯಾನಿಕ್ಕರು ನಕ್ಕು, ಎಡಕ್ಕೆ ಭಾರವಿದ್ದರೆ ಸವಾರನು ಅರಿಯದೆಯೇ ಬಂಡಿಯನ್ನು ತುಸು ಬಲಕ್ಕೆ ವಾಲಿಸಿ ತೂಕ ಸರಿಮಾಡಿಕೊಳ್ಳುತ್ತಾನೆಂದೂ, ಆದರೆ ಚೀಲವಿಲ್ಲದವರ ಟಯರೂ ನಮ್ಮಲ್ಲಿ ಬಲಗಡೆಯೇ ಹೆಚ್ಚು ಸವೆಯುತ್ತದೆಂದೂ ಹೇಳಿದರು. ಮಳೆನೀರು ಹರಿಯಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚನ್ನು ತಗ್ಗಿಸಿರುತ್ತಾರೆ. ನಾವು ಎಡಬದಿಯಲ್ಲಿ ಓಡುವವರು. ನಮ್ಮ ಬಲಕ್ಕೆ ನೆಲ ಏರಿರುತ್ತದೆ. ನೆಟ್ಟಗೆ ಓಡುವ ಚಕ್ರಕ್ಕೆ ಆ ಏರು ಬಲಮಗ್ಗುಲನ್ನೇ ತಾಗುತ್ತದೆ.

ತಂದೆಯವರಿಗೆ ಇಷ್ಟು ಸಾಲಲಿಲ್ಲ. ಗ್ಯಾರೇಜಿನ ಬಿಲ್ಲಿನ ಬೆನ್ನಿಗೆ ಎರಡು ಕಮಾನುಗಳನ್ನು ಬರೆದರು. ಎಡ ತಿರುವಿನಲ್ಲಿ ನಮ್ಮದು ಒಳದಾರಿ, ಬಲ ತಿರುವಿನಲ್ಲಿ ಹೊರದಾರಿ. ಎರಡರ ನಡುವೆ 3.5 ಮೀಟರು ಅಂತರವಿದ್ದರೆ ಒಂದು ಲಂಬಕೋನದ ತಿರುವಿನಲ್ಲಿ ಹೊರದಾರಿ ಸುಮಾರು 5.5 ಮೀಟರು ಹೆಚ್ಚು ಉದ್ದ. ಹೋಗುವಾಗ ಎಡವಾದದ್ದು ಬರುವಾಗ ಬಲವಾಗುತ್ತದೆ, ಲೆಕ್ಕ ಚುಕ್ತಾ ಆಗಬೇಕಲ್ಲ ಎಂದು ನಾನು ವಾದಿಸಿದೆ. "ಹೋಗುವಾಗಲೂ ಬರುವಾಗಲೂ ಬಲ ತಿರುವು ಹೊರಗಿನದೇ, ಮಂಡೆ ಉಪಯೋಗಿಸು" ಎಂದರು. ಬಲಬದಿಯಲ್ಲಿ ಓಡುವ ಅಮೆರಿಕದಲ್ಲಿ ಸವಾರರ ಟಯರು ಸಾಮಾನ್ಯವಾಗಿ ಎಡಗಡೆ ಹೆಚ್ಚು ಸವೆಯುತ್ತದೆಂದು ಆಮೇಲೆ ಓದಿ ತಿಳಿದೆ. ಲೆಕ್ಕದ ಮೇಷ್ಟರು ಗೆದ್ದಿದ್ದರು.

ಅಂದೇ ಎರಡು ಟಯರುಗಳನ್ನೂ ಬದಲಾಯಿಸಿದೆ. ಹೊಸ ಟಯರಿನ ಮೈ ಜಾರು. ಮೊದಲ ನೂರೈವತ್ತು ಕಿಲೋಮೀಟರು ನಯವಾಗಿ ಓಡಿಸಬೇಕೆಂದು ಎಚ್ಚರಿಸಿದರು. ಆದುದರಿಂದ ಘಾಟಿಯ ಪ್ರಯಾಣವನ್ನು ಸಂಕ್ರಾಂತಿ ಕಳೆದ ಮೇಲೆ ಇಟ್ಟುಕೊಂಡೆವು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ತಂದೆಯವರು ಬಚ್ಚಲಿನಲ್ಲಿ ಜಾರಿಬಿದ್ದರು. ಸೊಂಟದ ಶಸ್ತ್ರಕ್ರಿಯೆಯಾಯಿತು. ಈಗ ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಮೋಟಾರು ಸೈಕಲ್ಲಿನ ಹಿಂಬದಿಗೆ ಕಾಲು ಎತ್ತಿ ಹಾಕಿ ಕೂರುವುದು ಇನ್ನು ಆಗದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಎರಡು ಸಲ ಹೇಳಿದೆ. "ನೋಡುವಾ" ಎಂದರು, ನಮ್ಮ ಊರಿನ ಭಾಷೆಯಲ್ಲಿ ಅದಕ್ಕೆ ಏನು ಅರ್ಥವೆಂದು ವಾಚಕರು ಬಲ್ಲರು. ಮೂರು ತಿಂಗಳು ಮುಂಚೆಯೇ ಕೆಲವು ಸಾವಿರ ರೂಪಾಯಿ ಬಿಚ್ಚಿದ್ದರೆ ಆ ಆದಿತ್ಯವಾರ ಅವರು ಶಾಲೆಯ ಜಗಲಿಯಲ್ಲಿ ಕುಳಿತು ಬರುತ್ತಿದ್ದರು. ಈ ಮಾತನ್ನು ಅವರು ಒಮ್ಮೆಯೂ ಆಡಿಲ್ಲ.

ಆದರೆ ಪ್ರತಿ ಆದಿತ್ಯವಾರ ಬೆಳಗ್ಗೆ, ಕಾಫಿಯ ನಂತರ, "ಬಂಡಿ ಇತ್ತ ತಾ" ಎನ್ನುತ್ತಾರೆ. ಜಗಲಿಯ ಮೆಟ್ಟಿಲಿಗೆ ತಾಗಿಸಿ ನಿಲ್ಲಿಸುತ್ತೇನೆ. ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಬಾಗಿ ಹೆಬ್ಬೆರಳಿನಿಂದ ಟಯರನ್ನು ಈ ಅಂಚಿನಿಂದ ಆ ಅಂಚಿಗೆ ಸವರುತ್ತಾರೆ; ಗಾಳಿ ಎಷ್ಟು ಎಂದು ಕೇಳುತ್ತಾರೆ. ಮೊನ್ನೆ ಬೆರಳು ಒಂದೆಡೆ ನಿಂತಿತು. ಹೊಸ ಟಯರಿನ ಮೈಮೇಲೆ ರಬ್ಬರಿನ ಸಣ್ಣ ಮೀಸೆಗಳಿರುತ್ತವೆ, ಓಡಿದಷ್ಟೂ ಉದುರುತ್ತವೆ.

"ಬಲಗಡೆಯದೆಲ್ಲ ಹೋಗಿದೆ" ಎಂದರು. "ಎಡಗಡೆ ಅಂಚಿನಲ್ಲಿ ಇನ್ನೂ ಹಾಗೆಯೇ ಉಂಟು. ನೀನು ಎಡ ತಿರುವಿಗೆ ಹೆದರುತ್ತಿ."

ಹೌದೆಂದೆ.

"ಯಾವ ದಾರಿಯಲ್ಲಿ?"

ಎಲ್ಲ ದಾರಿಯಲ್ಲೂ ಎಂದು ಹೇಳದೆ, "ಶಿರ್ತಾಡಿಯ ಕಡೆ" ಎಂದೆ. ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡು, ಪೇಪರು ಕೊಡು ಎಂದರು.