ಕುದುರೆ ಕ್ಲಿನಿಕ್‌ನಲ್ಲಿ ಎರಡು ದಿನ

“ಶನಿವಾರ, ಭಾನುವಾರ ಎರಡೂ ದಿನ ಕ್ಲಿನಿಕ್ ಇದೆ. ಬೆಳಗ್ಗೆ ಐದೂವರೆಗೇ ಹೊರಡ್ತೀನಿ” ಅಂದೆ. ಅಮ್ಮ ಒಲೆ ಸಣ್ಣ ಮಾಡಿ ತಿರುಗಿ ನೋಡಿದಳು. “ಏನಾಯ್ತೇ? ಮತ್ತೆ ಬೆನ್ನು ನೋವಾ? ಯಾವ ಡಾಕ್ಟ್ರು?”

ಡಾಕ್ಟರ ಕ್ಲಿನಿಕ್ ಅಲ್ಲ, ಕುದುರೆ ಸವಾರಿ ಕ್ಲಿನಿಕ್ ಅಂತ ಬಿಡಿಸಿ ಹೇಳಬೇಕಾಯಿತು. ಹೊರಗಿನಿಂದ ಬಂದ ಅನುಭವಿ ತರಬೇತುದಾರರು ಒಂದೆರಡು ದಿನ ಒಂದು ಕುದುರೆ ಫಾರ್ಮ್‌ನಲ್ಲಿದ್ದು, ಸವಾರರನ್ನು ಒಬ್ಬೊಬ್ಬರನ್ನಾಗಿ ನೋಡಿ ತಪ್ಪು ತಿದ್ದುತ್ತಾರೆ. ಕುದುರೆಯವರ ಭಾಷೆಯಲ್ಲಿ ಅದಕ್ಕೆ ಕ್ಲಿನಿಕ್ ಅನ್ನುತ್ತಾರೆ. ನಮ್ಮ ಆಫೀಸಿನ ಕೋಡ್ ರಿವ್ಯೂ ಇದ್ದ ಹಾಗೆ. ಇಲ್ಲಿ ಬಗ್ ಇರೋದು ನಮ್ಮ ಸೊಂಟದಲ್ಲಿ, ಅಷ್ಟೇ.

ಅಮ್ಮ ನಕ್ಕಳು. ಪೇಪರ್ ಓದುತ್ತಿದ್ದ ಅಪ್ಪ ನಗಲಿಲ್ಲ. “ಎಷ್ಟು ತಗೋತಾರೆ?” ಅಂದರು. “ಎರಡು ದಿನಕ್ಕೆ ಒಂಬತ್ತು ಸಾವಿರ” ಅಂದೆ. ಅಪ್ಪ ಪೇಪರ್ ಮಡಚಿಟ್ಟು ಎದ್ದು ಬಾಲ್ಕನಿಗೆ ಹೋದರು.

ಅದಕ್ಕೆ ಕಾರಣ ಇದೆ. ನಮ್ಮ ತಾತ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ರೈಲ್ವೆ ಸ್ಟೇಷನ್‌ನಿಂದ ದೇವರಾಜ ಮಾರುಕಟ್ಟೆ, ಅಲ್ಲಿಂದ ಅರಮನೆ ಕಡೆ, ಮತ್ತೆ ಸ್ಟೇಷನ್. ಅಪ್ಪನ ಬಾಲ್ಯವೆಲ್ಲ ಹುಲ್ಲು ತರೋದು, ಲದ್ದಿ ಬಾಚೋದು, ಕುದುರೆ ಮೈ ತಿಕ್ಕೋದರಲ್ಲೇ ಹೋಯಿತು. ರೈಲ್ವೆ ವರ್ಕ್‌ಶಾಪ್‌ನಲ್ಲಿ ಕೆಲಸ ಸಿಕ್ಕ ಮೇಲೆ ಅವರು ಕುದುರೆಯ ಮಾತೇ ಎತ್ತಿಲ್ಲ. ದಸರಾ ಮೆರವಣಿಗೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆನೆ ತೋರಿಸುತ್ತಿದ್ದರು. ಅಶ್ವಾರೋಹಿ ಪೊಲೀಸರು ಬಂದರೆ ಸುಮ್ಮನಾಗುತ್ತಿದ್ದರು. ಬಡತನದ ದಿನಗಳ ನೆನಪು, ನಾಚಿಕೆ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಅರ್ಜಿ ತುಂಬುವಾಗ

ಇಂಥ ಕ್ಲಿನಿಕ್‌ಗೆ ಹೆಸರು ಕೊಡುವುದು ಸಿನಿಮಾ ಟಿಕೆಟ್ ಬುಕ್ ಮಾಡಿದಷ್ಟು ಸಲೀಸಲ್ಲ. ಮೊಬೈಲಿಗೆ ಬಂದ ಅರ್ಜಿ ನಾಲ್ಕು ಪುಟ ಇತ್ತು. ಮೊದಲು ಎತ್ತರ, ತೂಕ. ತೂಕದಲ್ಲಿ ದಯವಿಟ್ಟು ಸುಳ್ಳು ಹೇಳಬೇಡಿ. ನಿಮಗೆ ಯಾವ ಕುದುರೆ ಕೊಡಬೇಕು ಅನ್ನೋದು ಅದರ ಮೇಲೇ ನಿಂತಿದೆ, ಹೊರುವುದು ಆ ಮೂಕಪ್ರಾಣಿ. ಆಮೇಲೆ ಅನುಭವ: ನಡಿಗೆ ಮಾತ್ರವೋ, ಟ್ರಾಟ್ ಬರುತ್ತೋ, ಕ್ಯಾಂಟರ್ ಬರುತ್ತೋ? ಇಲ್ಲೂ ಜಂಬ ಬೇಡ. ಬರುತ್ತೆ ಅಂತ ಟಿಕ್ ಮಾಡಿದರೆ ಅಲ್ಲಿ ಹೋದ ಮೇಲೆ ಮಾಡಿ ತೋರಿಸಬೇಕಾಗುತ್ತದೆ.

ನಾವು ಕೇಳಬೇಕಾದ ಪ್ರಶ್ನೆಗಳೂ ಇವೆ. ಒಂದು ಕುದುರೆಗೆ ದಿನಕ್ಕೆ ಎಷ್ಟು ಗಂಟೆ ಕೆಲಸ? ವಾರಕ್ಕೆ ರಜೆ ಇದೆಯಾ? ಹೆಲ್ಮೆಟ್ ಅವರೇ ಕೊಡುತ್ತಾರಾ? ಇದಕ್ಕೆಲ್ಲ ಸರಿಯಾಗಿ ಉತ್ತರ ಕೊಡದ ಕಡೆ ದುಡ್ಡು ಕಟ್ಟಬೇಡಿ. ಬಟ್ಟೆಗೆ ಬಂದರೆ, ಜೀನ್ಸ್ ಹೊಲಿಗೆ ತೊಡೆಯ ಚರ್ಮ ಕಿತ್ತುಬಿಡುತ್ತದೆ. ಮೈಗೆ ಅಂಟುವ, ಹಿಗ್ಗುವ ಪ್ಯಾಂಟ್ ವಾಸಿ. ಶೂಗೆ ಸಣ್ಣ ಹಿಮ್ಮಡಿ ಇರಲೇಬೇಕು. ಇಲ್ಲದಿದ್ದರೆ ಕಾಲು ರಿಕಾಪಿನೊಳಗೆ ಪೂರ್ತಿ ಜಾರಿ, ಬಿದ್ದಾಗ ಸಿಕ್ಕಿಹಾಕಿಕೊಳ್ಳಬಹುದು.

ತುರ್ತು ಸಂದರ್ಭಕ್ಕೆ ಯಾರ ನಂಬರ್ ಅಂತ ಕೇಳಿದ್ದರು. ಅಪ್ಪನದು ಕೊಟ್ಟೆ. ಕೊನೆಯ ಪ್ರಶ್ನೆ: ಕುದುರೆಗಳ ಜೊತೆ ನಿಮ್ಮ ಹಿಂದಿನ ಒಡನಾಟ? “ನಮ್ಮ ತಾತ ಜಟಕಾ ಹೊಡೆಯುತ್ತಿದ್ದರು” ಅಂತ ಟೈಪ್ ಮಾಡಿದೆ. ಒಂದು ನಿಮಿಷ ನೋಡಿದೆ. ಅಳಿಸಿದೆ. “ಒಂದು ವರ್ಷದ ವಾರಾಂತ್ಯದ ಕ್ಲಾಸ್” ಅಂತ ಬರೆದು ಕಳಿಸಿದೆ.

ನಂದಿ ಬೆಟ್ಟದ ದಾರಿ

ಶನಿವಾರ ನಾನೊಬ್ಬಳೇ ಹೊರಟೆ. ಯಲಹಂಕದ ನಮ್ಮ ಮನೆಯಿಂದ ಬಳ್ಳಾರಿ ರಸ್ತೆ ಹಿಡಿದು, ಏರ್‌ಪೋರ್ಟ್ ತಿರುವು ದಾಟಿದರೆ ದೇವನಹಳ್ಳಿ. ಕೋಟೆ ದಾಟಿ ಒಂದಷ್ಟು ದೂರ ಹೋದರೆ ದ್ರಾಕ್ಷಿ ತೋಟ, ಗುಲಾಬಿಯ ಪಾಲಿಹೌಸ್, ನೀಲಗಿರಿ ತೋಪು. ಆಚೆ ನಂದಿ ಬೆಟ್ಟ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ಮಣ್ಣು ದಾರಿಯ ಕೊನೆಗೆ ಫಾರ್ಮ್.

ಈ ದಾರಿಯಲ್ಲಿ ಕುದುರೆ ನೆನಪಾಗುವುದು ಸಹಜ. ದೇವನಹಳ್ಳಿ ಟಿಪ್ಪು ಹುಟ್ಟಿದ ಊರು. ಮೈಸೂರು ಸೇನೆಗೆ ಅಶ್ವದಳವೇ ದೊಡ್ಡ ಬಲವಾಗಿತ್ತು. ಕುಣಿಗಲ್‌ನ ಕುದುರೆ ಫಾರ್ಮ್‌ಗೂ ಟಿಪ್ಪು ಕಾಲದ ನಂಟಿದೆ. ಮುಂದೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ಯುದ್ಧದ ಕುದುರೆಗೆ ಸ್ಮಾರಕ ಇದೆ, ರೇಸಿನ ಕುದುರೆಗೆ ಟರ್ಫ್ ಕ್ಲಬ್ ಇದೆ. ಊರಿನ ಜನರನ್ನು ಹೊತ್ತು ತಿರುಗಿದ ಜಟಕಾ ಕುದುರೆಗೆ ಮಾತ್ರ ಏನೂ ಇಲ್ಲ.

ನನಗೆ ಸಿಕ್ಕಿದ ಕುದುರೆಯ ಹೆಸರು ಬಾದಾಮಿ. ಬಣ್ಣವೂ ಅದೇ. ಹನ್ನೆರಡು ವರ್ಷದ ಹೆಣ್ಣು, ರೇಸಿನಿಂದ ನಿವೃತ್ತಿ. ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಇಂಥ ಮಾಜಿ ರೇಸ್ ಕುದುರೆಗಳು ಬೇಕಾದಷ್ಟಿವೆ. ತಲೆ ಮೇಲೆ ವಿಮಾನ ಗುಡುಗಿಕೊಂಡು ಹೋದರೂ ಬಾದಾಮಿ ಕಿವಿ ಅಲ್ಲಾಡಿಸಲಿಲ್ಲ. ಬೇಲಿಗೆ ಸಿಕ್ಕಿದ್ದ ಒಂದು ಪ್ಲಾಸ್ಟಿಕ್ ಕವರ್ ಅಲ್ಲಾಡಿದ್ದಕ್ಕೆ ಎರಡು ಹೆಜ್ಜೆ ಪಕ್ಕಕ್ಕೆ ಹಾರಿತು.

ಆಲೂಗಡ್ಡೆ ಆಕಾರದ ವೃತ್ತ

ಡ್ರೆಸಾಜ್ ಅಂದರೆ ಫ್ರೆಂಚ್‌ನಲ್ಲಿ ತರಬೇತಿ ಅಂತ ಅರ್ಥ. ಕುದುರೆ ಡ್ಯಾನ್ಸ್ ಮಾಡೋ ವಿಡಿಯೊ ನೀವು ನೋಡಿರುತ್ತೀರಿ, ಅದು ಇದರ ಕೊನೆಯ ಮೆಟ್ಟಿಲು. ನಮ್ಮಂಥವರಿಗೆ ಮೊದಲ ಮೆಟ್ಟಿಲು: ನೆಟ್ಟಗೆ ಹೋಗೋದು, ದುಂಡಗೆ ತಿರುಗೋದು, ಹೇಳಿದ ಜಾಗದಲ್ಲಿ ನಿಲ್ಲೋದು. ಕೇಳೋಕೆ ಎಷ್ಟು ಸುಲಭ!

ಅಂಗಳ 20 ಮೀಟರ್ ಅಗಲ, 40 ಮೀಟರ್ ಉದ್ದ. ದೊಡ್ಡ ಸ್ಪರ್ಧೆಗಳಲ್ಲಿ ಉದ್ದ 60 ಮೀಟರ್. ಸುತ್ತಲೂ ಅಕ್ಷರದ ಫಲಕಗಳು: ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ಅಕಾರಾದಿ ಕ್ರಮ ಇಲ್ಲ, ತರ್ಕ ಇಲ್ಲ. ಯಾಕೆ ಹೀಗೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಎಂಜಿನಿಯರ್ ತಲೆಗೆ ಇದು ದೊಡ್ಡ ಹಿಂಸೆ. ಸ್ಪರ್ಧೆಯಲ್ಲಿ ಯಾವ ಅಕ್ಷರದ ಹತ್ತಿರ ಏನು ಮಾಡಬೇಕು ಅನ್ನೋದು ಮೊದಲೇ ನಿಗದಿ. ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಕುದುರೆ ಜೊತೆ ಬಾಯಲ್ಲಿ ಮಾತಾಡಿದರೆ ಅಂಕ ಕಟ್!

ನಮ್ಮ ಮಾಸ್ಟರ್ ಸೇನೆಯ ಅಶ್ವದಳದಲ್ಲಿದ್ದು ನಿವೃತ್ತರಾದವರು. ಹಿಂದಿ, ಇಂಗ್ಲಿಷ್, ಚೂರು ಕನ್ನಡ ಬೆರೆಸಿ ಮಾತಾಡುತ್ತಾರೆ. ಮೊದಲು ಲಯ ಹಿಡಿಯಿರಿ ಅಂದರು. ನಡಿಗೆಗೆ ನಾಲ್ಕು ಪೆಟ್ಟು, ಟ್ರಾಟ್‌ಗೆ ಎರಡು, ಕ್ಯಾಂಟರ್‌ಗೆ ಮೂರು. ಚಿಕ್ಕಂದಿನಲ್ಲಿ ಎರಡು ವರ್ಷ ಸಂಗೀತ ಕಲಿತಿದ್ದು ಇಲ್ಲಿ ಉಪಯೋಗಕ್ಕೆ ಬಂತು. ನಡಿಗೆ ಚತುರಶ್ರ, ಕ್ಯಾಂಟರ್ ತಿಶ್ರ ಅಂತ ಮನಸ್ಸಲ್ಲೇ ಗುರುತು ಹಾಕಿಕೊಂಡೆ.

ಆಮೇಲೆ 20 ಮೀಟರ್ ವೃತ್ತ. ನನ್ನದು ಆಲೂಗಡ್ಡೆ ಆಯಿತು. ಬಾದಾಮಿ ಒಳಗೆ ಬಂದರೆ ಹೊರಗೆಳೆದೆ, ಹೊರಗೆ ಹೋದರೆ ಒಳಗೆಳೆದೆ. ಎಳೆದಷ್ಟೂ ಅದು ತಲೆ ಎತ್ತಿ ಓಡಿತು. ರೇಸಿನಲ್ಲಿ ಅದು ಕಲಿತಿದ್ದೇ ಅದು, ಬಾಯಿ ಬಿಗಿಯಾದರೆ ಇನ್ನೂ ಜೋರಾಗಿ ಹೋಗು ಅಂತ. ಮೂರನೇ ಸುತ್ತಿಗೆ ನನ್ನ ಕೈ ಸೋತಿತ್ತು.

ಮಾಸ್ಟರ್ ನಿಲ್ಲಿಸಿ ಕೆಳಗಿಳಿಸಿದರು. ಲಗಾಮಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತಾವು ಹಿಡಿದು, ಕಣ್ಣು ಮುಚ್ಚಿ ಅಂದರು. ಅವರು ಬೆರಳು ಮಡಚಿದ್ದು ನನಗೆ ಗೊತ್ತಾಯಿತು. ಬಿಚ್ಚಿದ್ದೂ ಗೊತ್ತಾಯಿತು. “ಇಷ್ಟು ಸಾಕು. ನಿನ್ನ ಕೈಯಲ್ಲಿರೋದು ಚರ್ಮದ ಪಟ್ಟಿ ಅಲ್ಲಮ್ಮ, ಅದರ ಬಾಯಿ. ಹಿಡಿಯೋದು ಎಲ್ಲರಿಗೂ ಬರುತ್ತೆ. ಅದು ಮಾತು ಕೇಳಿದ ಗಳಿಗೆಗೆ ಬಿಡೋದು ಕಲಿ. ಅದಕ್ಕೆ ಸಿಗೋ ಸಂಬಳ ಅದೊಂದೇ.”

ಮತ್ತೆ ಹತ್ತಿದೆ. ಉಸಿರು ಬಿಟ್ಟು ಭಾರವಾಗಿ ಕೂತೆ, ಬೆರಳು ಮಡಚಿದೆ. ಅದರ ಕಿವಿ ಹಿಂದಕ್ಕೆ ತಿರುಗಿತು. ತಕ್ಷಣ ಬಿಟ್ಟೆ. ಬಾದಾಮಿ ಕತ್ತು ಇಳಿಸಿ ಉಸ್ಸೆಂದು ಉಸಿರು ಬಿಟ್ಟು ನಿಧಾನವಾಯಿತು. ಆರೇಳು ಹೆಜ್ಜೆ ಅಷ್ಟೇ. ಆಮೇಲೆ ಮತ್ತೆ ಆಲೂಗಡ್ಡೆ. ಆದರೆ ಆ ಆರೇಳು ಹೆಜ್ಜೆಯ ಖುಷಿ ಯಾವ ರಿಲೀಸ್ ದಿನದಲ್ಲೂ ನನಗೆ ಸಿಕ್ಕಿಲ್ಲ.

ತಿಂಡಿ ಹೊತ್ತಲ್ಲಿ ಮಾಸ್ಟರ್ ಕಥೆ ಹೇಳಿದರು. ಕುದುರೆಯನ್ನು ಒಲಿಸಿಯೇ ಪಳಗಿಸಬೇಕು ಅಂತ ಗ್ರೀಸಿನ ಕ್ಸೆನೊಫೋನ್ 2,300 ವರ್ಷಕ್ಕೂ ಹಿಂದೆಯೇ ಬರೆದಿದ್ದಾನೆ. ಒಲಿಂಪಿಕ್ಸ್‌ಗೆ ಡ್ರೆಸಾಜ್ ಬಂದಿದ್ದು 1912ರಲ್ಲಿ. 1948ರವರೆಗೂ ಸೇನಾಧಿಕಾರಿಗಳಿಗೆ ಮಾತ್ರ ಅವಕಾಶ. 1952ರಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಾಗ, ಪೋಲಿಯೊದಿಂದ ಮೊಣಕಾಲ ಕೆಳಗೆ ಶಕ್ತಿ ಕಳೆದುಕೊಂಡಿದ್ದ ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು. ನಮ್ಮವರೂ ಕಡಿಮೆ ಇಲ್ಲ. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಈವೆಂಟಿಂಗ್‌ನಲ್ಲಿ ಮೊದಲ ಸುತ್ತೇ ಡ್ರೆಸಾಜ್. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ವಿಪುಲ್ ಛೇಡಾ, ಅನುಷ್ ಅಗರವಾಲಾ ಅವರ ತಂಡ ಡ್ರೆಸಾಜ್‌ನಲ್ಲಿ ಚಿನ್ನ ತಂದಿತು. ಕುದುರೆ ಸವಾರಿಯಲ್ಲಿ ಭಾರತಕ್ಕೆ 41 ವರ್ಷದ ನಂತರ ಬಂದ ಚಿನ್ನ ಅದು.

ಇದರಲ್ಲೂ ಹುಳುಕಿಲ್ಲ ಅಂತಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ ಬ್ರಿಟನ್ನಿನ ಪದಕ ವಿಜೇತೆಯೊಬ್ಬರು ತರಬೇತಿಯಲ್ಲಿ ಕುದುರೆಗೆ ಚಾಟಿ ಬೀಸಿದ ವಿಡಿಯೊ ಹೊರಬಂದು, ಅವರು ಸ್ಪರ್ಧೆಯಿಂದಲೇ ಹಿಂದೆ ಸರಿದರು. “ಕೋಟಿ ಬೆಲೆಯ ಕುದುರೆಗೂ ಚಾಟಿ ತಪ್ಪಿದ್ದಲ್ಲ, ಸವಾರ ಎಂಥವನು ಅನ್ನೋದೇ ಮುಖ್ಯ” ಅಂದರು ಮಾಸ್ಟರ್.

ಭಾನುವಾರ ಅಪ್ಪನೂ ಬಂದರು

ರಾತ್ರಿ ಊಟಕ್ಕೆ ಕೂತಾಗ ನನ್ನ ಕೈಗೆ ಬೊಬ್ಬೆ ಬಂದಿದ್ದನ್ನು ಅಪ್ಪ ನೋಡಿದರು. “ಲಗಾಮು ಎಳೆದೆಯಾ?” ಅಂದರು. ಹೂಂ ಅಂದೆ. ಮತ್ತೇನೂ ಮಾತಾಡಲಿಲ್ಲ. ಬೆಳಗ್ಗೆ ಐದೂವರೆಗೆ ನಾನು ಬಾಗಿಲು ತೆಗೆಯುವಾಗ ಸ್ವೆಟರ್ ಹಾಕಿಕೊಂಡು ನಿಂತಿದ್ದರು. “ನಾನು ಕಾರಲ್ಲೇ ಕೂತಿರ್ತೀನಿ” ಅಂದರು.

ಕಾರಲ್ಲೇನೂ ಕೂರಲಿಲ್ಲ. ನಾನು ಹೆಲ್ಮೆಟ್ ಹುಡುಕಿ ಬರುವಷ್ಟರಲ್ಲಿ ಲಾಯದ ಮುಂದೆ ಕುದುರೆ ನೋಡಿಕೊಳ್ಳುವ ಹುಡುಗನ ಜೊತೆ ಮಾತಿಗಿಳಿದಿದ್ದರು. “ಹುರುಳಿ ಬೇಯಿಸಿ ಕೊಡ್ತೀರೇನಪ್ಪ?” “ಇಲ್ಲ ಸಾರ್, ಈಗೆಲ್ಲ ಚೀಲದ ಫೀಡು.” ಅಪ್ಪ ತಲೆಯಾಡಿಸಿದರು. ಆಮೇಲೆ ಬಾದಾಮಿಯ ಹತ್ತಿರ ಹೋಗಿ, ಮೂತಿಗೆ ಅಂಗೈ ಹಿಡಿದು ಮೂಸಲು ಬಿಟ್ಟು, ಮೆಲ್ಲಗೆ ಕತ್ತು ಸವರಿದರು. ಕೈ ಅಲ್ಲಿಂದ ಎದೆಗೆ ಇಳಿಯಿತು. ಎದೆಯ ಆ ಕಡೆಯಿಂದ ಈ ಕಡೆಗೆ, ಕೂದಲು ಬಿಡಿಸಿ ಬಿಡಿಸಿ, ಏನೋ ಹುಡುಕುವವರ ಹಾಗೆ ನೋಡಿದರು. ಬೆನ್ನ ಮೇಲೆ, ಜೀನು ಕೂರುವ ಜಾಗದಲ್ಲೂ ನೋಡಿದರು.

“ಗಾಯ ಇಲ್ಲ ಕಣಮ್ಮ” ಅಂದರು.

ನನಗೆ ಅರ್ಥವಾಗಲಿಲ್ಲ. ಅಪ್ಪ ನನ್ನ ಮುಖ ನೋಡದೆ ಹೇಳಿದರು. “ನಮ್ಮ ಕುದುರೆಗೆ ಎದೆಪಟ್ಟಿ ಉಜ್ಜಿ ಉಜ್ಜಿ ಇಲ್ಲಿ ಹುಣ್ಣಾಗಿತ್ತು. ರಾತ್ರಿ ನಾನು ಬೇವಿನೆಣ್ಣೆ, ಅರಿಸಿನ ಹಚ್ತಿದ್ದೆ. ಬೆಳಗ್ಗೆ ಅದೇ ಹುಣ್ಣಿನ ಮೇಲೆ ಪಟ್ಟಿ ಕಟ್ಟಬೇಕು. ನಮ್ಮಪ್ಪಂಗೆ ಕೈ ನಡುಗ್ತಿತ್ತು, ಅದಕ್ಕೆ ನನ್ನ ಕೈಲೇ ಕಟ್ಟಿಸ್ತಿದ್ರು. ಗಾಡಿ ಹೊರಡದಿದ್ರೆ ಅವತ್ತು ಅಕ್ಕಿ ಇಲ್ಲ. ಅದು ತಿರುಗಿ ನನ್ನ ನೋಡ್ತಿತ್ತು, ಕಚ್ಚುತ್ತಾ ಇರಲಿಲ್ಲ.”

ಇಷ್ಟು ವರ್ಷ ಅಪ್ಪ ಕುದುರೆ ವಿಷಯ ಎತ್ತದೇ ಇದ್ದದ್ದು ಇದಕ್ಕೆ. ನಾಚಿಕೆ ಅಂದುಕೊಂಡಿದ್ದು ನಾನು. ಅರ್ಜಿಯಲ್ಲಿ ತಾತನ ಸಾಲು ಅಳಿಸಿದವಳೂ ನಾನೇ. ನಾಚಿಕೆ ಇದ್ದದ್ದು ನನಗೆ.

ಅವತ್ತು ಅಪ್ಪ ಬೇಲಿಯ ಕಂಬಕ್ಕೆ ಒರಗಿ ಪೂರ್ತಿ ಒಂದು ಗಂಟೆ ನಿಂತು ನೋಡಿದರು. ನನ್ನ ವೃತ್ತ ಆಲೂಗಡ್ಡೆಯಿಂದ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಮಾಸ್ಟರ್ “ಪರವಾಗಿಲ್ಲ” ಅಂದರು, ಅವರ ಬಾಯಲ್ಲಿ ಅದು ದೊಡ್ಡ ಮಾತು. ಪಾಠ ಮುಗಿದ ಮೇಲೆ ಇಳಿದು, “ನಮ್ಮ ತಾತ ಮೈಸೂರಲ್ಲಿ ಜಟಕಾ ಹೊಡೀತಿದ್ರು ಸರ್, ಇವರು ನಮ್ಮಪ್ಪ” ಅಂತ ಪರಿಚಯ ಮಾಡಿಸಿದೆ. ಮಾಸ್ಟರ್ ಟೋಪಿ ತೆಗೆದು ಕೈ ಕೊಟ್ಟರು. ಇಬ್ಬರೂ ಗೊರಸು, ಲಾಳ, ಹೊಟ್ಟೆನೋವಿಗೆ ಮದ್ದು ಅಂತ ಅರ್ಧ ಗಂಟೆ ನನ್ನನ್ನು ಮರೆತೇಬಿಟ್ಟರು.

ವಾಪಸ್ ಬರುವಾಗ ದೇವನಹಳ್ಳಿ ಹತ್ತಿರ ಕಾರು ನಿಲ್ಲಿಸಿ ಅಮ್ಮನಿಗೆ ಎರಡು ಚಕ್ಕೋತ ತಗೊಂಡೆವು. ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾ ಅಪ್ಪ ಹೇಳಿದರು: “ಒಂಬತ್ತು ಸಾವಿರ ಜಾಸ್ತೀನೇ ಆಯ್ತು. ಮುಂದಿನ ಕ್ಲಿನಿಕ್ ಯಾವಾಗಂತೆ? ಬರೋವಾಗ ಕ್ಯಾರೆಟ್ ತರಬೇಕು.”