ಅಪ್ರದಕ್ಷಿಣೆ ಹಾಕುವ ಗ್ರಹಗಳು

ಹೆಸರು ಡೆಟ್ರಾಯ್ಟ್ ಅಬ್ಸರ್ವೇಟರಿ. ಇರುವುದು ಮಾತ್ರ ಡೆಟ್ರಾಯ್ಟ್‌ನಲ್ಲಲ್ಲ, ಆ್ಯನ್ ಆರ್ಬರ್ ಊರಿನಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಹತ್ತಿರದ ದಿಬ್ಬದ ಮೇಲೆ. 1854ರಲ್ಲಿ ಕಟ್ಟುವಾಗ ಹಣ ಕೊಟ್ಟವರು ಡೆಟ್ರಾಯ್ಟ್ ಮಂದಿ, ಹಾಗಾಗಿ ಆ ಹೆಸರು. ಆಫೀಸ್ ಕೆಲಸಕ್ಕೆಂದು ಪುಣೆಯಿಂದ ಆ ಕಡೆ ಹೋದವನು ಒಂದು ಮಧ್ಯಾಹ್ನ ನೋಡಿ ಬಂದೆ.

ಗುಮ್ಮಟದಡಿಯ ಹಳೆಯ ಮಸೂರದ ದೂರದರ್ಶಕ ಇನ್ನೂ ಇದೆ. ನನಗೆ ಬೇಕಿದ್ದ 37.5 ಇಂಚಿನ ಕನ್ನಡಿಯ ದೂರದರ್ಶಕ ಅಲ್ಲಿಲ್ಲ. ಅದಿದ್ದ ಭಾಗವನ್ನು ಕೆಡವಿ ದಶಕಗಳಾಗಿವೆ. ಬೇರೆ ಸೂರ್ಯರ ಸುತ್ತ ಗ್ರಹಗಳು ಎಷ್ಟು ಓರೆಯಾಗಿ ತಿರುಗುತ್ತವೆ ಎಂದು ಅಳೆಯುವ ಉಪಾಯ ಹುಟ್ಟಿದ್ದು ಅದರಿಂದ.

1924ರಲ್ಲಿ ಇಲ್ಲಿನ ರಾಸಿಟರ್ ಮತ್ತು ಮೆಕ್‌ಲಾಫ್ಲಿನ್ ನೋಡುತ್ತಿದ್ದದ್ದು ಗ್ರಹಗಳನ್ನಲ್ಲ, ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರಗಳನ್ನು. ತನ್ನ ಸುತ್ತ ತಾನೇ ತಿರುಗುವ ನಕ್ಷತ್ರದ ಒಂದು ಮಗ್ಗುಲು ನಮ್ಮತ್ತ ಬರುತ್ತಿರುತ್ತದೆ, ಅದರ ಬೆಳಕು ಕೊಂಚ ನೀಲಿಯತ್ತ ಸರಿಯುತ್ತದೆ. ದೂರ ಹೋಗುವ ಮಗ್ಗುಲಿನದು ಕೆಂಪಿನತ್ತ. ಅಡ್ಡ ಬಂದದ್ದು ಮೊದಲು ನೀಲಿ ಮಗ್ಗುಲನ್ನು ಮುಚ್ಚಿದರೆ ನಕ್ಷತ್ರ ದೂರ ಸರಿದಂತೆ ಕಾಣುತ್ತದೆ, ಆಮೇಲೆ ಹತ್ತಿರ ಬಂದಂತೆ. ಈ ಕ್ರಮ ತಿರುಗುಮುರುಗಾದರೆ? ಅಡ್ಡ ಬಂದದ್ದು ಅಪ್ರದಕ್ಷಿಣೆ ಹಾಕುತ್ತಿದೆ ಎಂದರ್ಥ.

ಗ್ರಹದ ಮೇಲೆ ಇದು ಮೊದಲು ಫಲಿಸಿದ್ದು 2000ದಲ್ಲಿ. ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದಿಂದ ಡಿಡಿಯೆ ಕೆಲೋ ತಂಡ ಸುಮಾರು 160 ಜ್ಯೋತಿರ್ವರ್ಷ ದೂರದ ಎಚ್‌ಡಿ 209458 ನಕ್ಷತ್ರವನ್ನು ನೋಡಿತು. ಸಿಕ್ಕ ಏರಿಳಿತ ಸೆಕೆಂಡಿಗೆ ಸುಮಾರು 40 ಮೀಟರ್, ಅಂದರೆ ಒಂದು ಜೋರು ಎಕ್ಸ್‌ಪ್ರೆಸ್ ರೈಲಿನ ವೇಗ! ಆ ಗ್ರಹ ಸಭ್ಯವಾಗಿ ಪ್ರದಕ್ಷಿಣೆಯನ್ನೇ ಹಾಕುತ್ತಿತ್ತು. ರಾಸಿಟರ್ 1977ರಲ್ಲೂ ಮೆಕ್‌ಲಾಫ್ಲಿನ್ 1965ರಲ್ಲೂ ತೀರಿಕೊಂಡಿದ್ದರು.

ನಮ್ಮ ಸೂರ್ಯನ ಸಮಭಾಜಕಕ್ಕೂ ಭೂಮಿಯ ಕಕ್ಷೆಗೂ ಇರುವ ಓರೆ ಸುಮಾರು 7 ಡಿಗ್ರಿ ಮಾತ್ರ. ಒಂದೇ ತಟ್ಟೆಯ ಧೂಳಿನಿಂದ ಹುಟ್ಟಿದವು ಹೀಗೇ ಇರಬೇಕೆಂದು ನಾವು ನಂಬಿದ್ದೆವು. ನಮ್ಮ ಮನೆಯ ರೂಢಿಯೇ ಊರ ರೂಢಿ ಎನ್ನುವಂತೆ. 2009ರಲ್ಲಿ ಹವಾಯಿಯ ಸುಬಾರು ದೂರದರ್ಶಕದಿಂದ ಎರಡು ತಂಡಗಳು ಹ್ಯಾಟ್-ಪಿ-7ಬಿ ಎಂಬ ದೈತ್ಯ ಗ್ರಹದ ಏರಿಳಿತವನ್ನು ತಿರುಗುಮುರುಗಾಗಿ ಕಂಡವು. ಇಂಥ ಗ್ರಹ ತನ್ನ ತಟ್ಟೆಯೊಳಗೆ ಮೆಲ್ಲಗೆ ಜಾರಿ ನಕ್ಷತ್ರದ ಹತ್ತಿರ ಬಂತೆನ್ನುವುದು ಕಷ್ಟ. ಇನ್ನೊಂದು ಗ್ರಹವೋ ನಕ್ಷತ್ರವೋ ಅದನ್ನು ಎಳೆದಾಡಿರಬೇಕು.

ಆದರೆ ಈ ಉಪಾಯಕ್ಕೆ ಸಿಗುವುದು ಆಕಾಶದ ಹಾಳೆಯ ಮೇಲೆ ಕಾಣುವ ಕೋನ ಮಾತ್ರ. ನಕ್ಷತ್ರದ ಅಕ್ಷ ನಮ್ಮತ್ತ ಎಷ್ಟು ವಾಲಿದೆಯೆಂಬುದು ಅದಕ್ಕೆ ದಕ್ಕದು. ಕೆಪ್ಲರ್ ದೂರದರ್ಶಕ ಹಿಡಿದ ನಕ್ಷತ್ರದ ಮಿಡಿತಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಹ್ಯಾಟ್-ಪಿ-7ರ ಧ್ರುವ ನಮ್ಮತ್ತ ಸಾಕಷ್ಟು ತಿರುಗಿರುವಂತೆ ಕಂಡಿತು. ಹಾಗಿದ್ದರೆ ಆ ಗ್ರಹದ್ದು ಪೂರ್ತಿ ಅಪ್ರದಕ್ಷಿಣೆಯಲ್ಲ, ಧ್ರುವಗಳ ಮೇಲಿಂದ ಹಾಯುವ ಸುತ್ತಿಗೆ ಹತ್ತಿರದ್ದು.